ಹಗೇವಿಗೆ ಬಿಟ್ಟ ಕಂದೀಲು

ತಮ್ಮಾ ಶಾಂತಲಿಂಗ,

ನಮ್ಮ ಓಣಿಯಲ್ಲೂ ಇಲಿ ಸತ್ತು ಬಿದ್ದವು. ಪ್ಲೇಗು ಹೊಸ್ತಿಲು ದಾಟುವ ಮೊದಲೇ ಎಲ್ಲರನ್ನೂ ಹೊಲದ ಗುಡಿಸಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ನೀನು ಗೊಬ್ಬೂರಿನಿಂದ ಬಂದವನು ಮನೆಯೊಳಗೆ ಕಾಲಿಡಬೇಡ. ಓಣಿಯವರ ಜೊತೆ ಹರಟೆ ಹೊಡೆಯುತ್ತಲೂ ಕೂಡಬೇಡ. ಉಪ್ಪು, ಖಾರ, ಕಡ್ಡಿಪೆಟ್ಟಿಗೆ ಕಟ್ಟೆಯ ಮೇಲಿನ ಗಂಟಿನಲ್ಲಿವೆ, ಹೊತ್ತು ತಾ.

ಜೋಳ ಮಾತ್ರ ಅಂಗಳದ ನೆಲದಡಿಯ ಹಗೇವಿನಲ್ಲೇ ಉಳಿಯಿತು. ಇಳಿಯುವ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಬಿಡು. ಆರಿದರೆ ಒಳಗೆ ಕೆಟ್ಟ ಗಾಳಿ ಇದೆ. ಹಗೇವಿನ ಬಾಯಿ ತೆರೆದಿಟ್ಟು ಒಂದು ತಾಸು ಕಾದು ಮತ್ತೆ ಬಿಡು. ಇಷ್ಟು ನಿನಗೆ ಗೊತ್ತಿದ್ದದ್ದೇ.

ಇಂದು ಮುಂಜಾನೆ ನಾನು ಬಿಟ್ಟ ಕಂದೀಲು ಕೆಳಗೆ ಆರಿತು, ಕಣ್ಣಾರೆ ಕಂಡೆ. ಮೇಲಕ್ಕೆ ಎಳೆದರೆ ಉರಿಯುತ್ತಿತ್ತು. ಮಸಿ ಹಿಡಿದಿದ್ದ ಗಾಜನ್ನು ಯಾರೋ ಒರೆಸಿದ್ದರು.

"ಕಲ್ಲು ಮುಚ್ರಿ, ಆ ಜ್ವಾಳ ನಮಗ ಬ್ಯಾಡ," ಅಂದಳು ನಿನ್ನ ವೈನಿ. ಮುಚ್ಚಿದೆ. ಆದರೆ ಗುಡಿಸಲಿನಲ್ಲಿ ಎರಡು ದಿನದ ಹಿಟ್ಟಷ್ಟೇ ಇದೆ, ಮಕ್ಕಳಿಗೆ ಏನು ಹೇಳಲಿ?

ಅದಕ್ಕೇ ನೀನೂ ಒಮ್ಮೆ ಬಿಟ್ಟು ನೋಡು. ಆರಿದ್ದು ಆರಿದಂತೆಯೇ ಮೇಲೆ ಬಂದರೆ ಹೆದರಬೇಡ. ಹೊತ್ತಿಕೊಂಡು ಬಂದರೆ ಮಾತ್ರ ಇಳಿಯಬೇಡ. ಕಂದೀಲನ್ನು ತಿರುಗಿ ಒಳಗೇ ಇಳಿಸಿ, ಹಗ್ಗ ಬಿಟ್ಟು, ಕಲ್ಲು ಮುಚ್ಚಿ ಬಾ.

ಒಳಗಿದ್ದವರಿಗೆ ಬೆಳಕು ಬೇಕಾಗಿದೆ.

ನಿನ್ನ ಅಣ್ಣ,
ದೌಲತರಾಯ