ರಾಮೇಶ್ವರದಲ್ಲಿ ಬಿಟ್ಟು ಬಂದದ್ದು

ಕುರುಗೋಡು
9-3-1973

ಪ್ರೀತಿಯ ಯಜಮಾನರಿಗೆ,

ನಿಮ್ಮ ಪಾದಗಳಿಗೆ ನಮಸ್ಕಾರ, ಈ ಸಲ ಕಾಗದದ ಮೇಲಿಂದಲೇ. ಆರೋಗ್ಯ ಹೇಗಿದೆ? ರೈಸ್ ಮಿಲ್ಲಿನಲ್ಲಿ ದಿನವೆಲ್ಲ ನಿಂತು ಮೀನಖಂಡ ಹಿಡಿದುಕೊಳ್ಳುವುದು ಕಡಿಮೆಯಾಯಿತೇ? ನಿಮ್ಮ ತಂಗಿ ಹೊನ್ನೂರಮ್ಮ ಬಂದಿದ್ದಾಳಲ್ಲ, ಊಟಕ್ಕೇನೂ ತೊಂದರೆಯಾಗಿರಲಿಕ್ಕಿಲ್ಲ. ಆದರೆ ರಾತ್ರಿ ಕಾಲು ಒತ್ತು ಎಂದರೆ ಅವಳು ತನ್ನ ಮೊಣಕಾಲನ್ನೇ ತೋರಿಸುತ್ತಾಳೆಂದು ನನಗೆ ಗೊತ್ತು. ಅದೊಂದು ಚಿಂತೆ ರೈಲಿನುದ್ದಕ್ಕೂ ನನ್ನ ಜೊತೆಗಿತ್ತು. ಚಿಂತೆಯೋ ಸಂತೋಷವೋ, ಸರಿಯಾಗಿ ಹೇಳಲಾರೆ.

ನಾವೆಲ್ಲ ಕ್ಷೇಮವಾಗಿ ಬಂದು ಮುಟ್ಟಿದೆವು. ಬಳ್ಳಾರಿಯಲ್ಲಿ ಇಳಿದವಳು ನಮ್ಮ ಸಿರುಗುಪ್ಪದ ಬಸ್ಸು ಹತ್ತದೆ ಚಿಗವ್ವನ ಹಿಂದೆ ಕುರುಗೋಡಿಗೆ ಬಂದುಬಿಟ್ಟೆ. ಅವ್ವ ಹೋದ ಮೇಲೆ ತವರು ಅಂತ ಇರುವುದು ಅವಳ ತಂಗಿ, ಚಿಗವ್ವ ವೀರಭದ್ರಮ್ಮನ ಮನೆ ಒಂದೇ. ಅಲ್ಲಿ ಮೈ ಚಾಚಿ ಮಲಗಬೇಕೆನಿಸಿತು, ಮಲಗಿದೆ.

ಹೊರಡುವ ಮುಂಚೆ ನೀವು ಆಡಿದ ಮಾತು ಮರೆತಿಲ್ಲ. ನೀವು ಗೆಳೆಯರ ಜೊತೆ ಎರಡು ಸಲ ರಾಮೇಶ್ವರಕ್ಕೆ ಹೋಗಿ ಬಂದಿರಿ. ಎರಡು ಸಲವೂ ನಾನು ಬರುತ್ತೇನೆಂದು ಕೇಳಿದೆ. ಮೂರನೆಯದಾಗಿ ಚಿಗವ್ವ ಕರೆದಾಗಲೂ ನೀವು ಹೇಳಿದ್ದು ಅದೇ: “ಗಂಡ ಮಾಡಿದ ಪುಣ್ಯದಾಗ ಹೇಂತಿಗೆ ಅರ್ಧ ಬರ್ತೈತಿ. ನೀ ಬೇರೆ ಹೋಗಾಕ ಏನೈತಿ?” ಏನೈತಿ ಎಂದು ನೋಡಿ ಬರೋಣವೆಂದೇ ಹೊರಟೆ. ಬಸ್ಸಿನ ಕಿಟಕಿಯಿಂದ ನಿಮ್ಮ ಮುಖ ನೋಡಿದೆ, ಹೆದರಿಕೆಯಾಯಿತು. ಆದರೂ ಇಳಿಯಲಿಲ್ಲ.

ರಾಮೇಶ್ವರದ ಆ ದ್ವೀಪದಲ್ಲಿ ಕಾಲಿಡಲು ಜಾಗವಿಲ್ಲ. ಸಮುದ್ರದ ಮೇಲಿನ ಸೇತುವೆಯಲ್ಲಿ ರೈಲು ಮೆಲ್ಲಗೆ ದಾಟುವಾಗ ಎಲ್ಲರೂ ಉಸಿರು ಬಿಗಿಹಿಡಿದು ಕುಳಿತಿದ್ದರು. ಇಳಿದದ್ದೇ ತಡ, ಗದ್ದಲ ಶುರು. ಶಂಖ ಮಾರುವವರು, ಕವಡೆ ಮಾರುವವರು, ಸಮುದ್ರದ ಚಿತ್ರದ ಪರದೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುವವರು. ಅಸಲು ಸಮುದ್ರ ಹಿಂದೆಯೇ ಇದ್ದರೂ ಪರದೆಯ ಮುಂದೆ ಜನ ಸಾಲು ನಿಂತಿದ್ದರು. ಗುಡಿಯೊಳಗಿನ ಬಾವಿಗಳ ಹತ್ತಿರವಂತೂ ಕೇಳಲೇಬೇಡಿ. ಮೇಲಿನಿಂದ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಾರೆ, ಒದ್ದೆ ಸೀರೆಯಲ್ಲಿ ಒಬ್ಬರನ್ನೊಬ್ಬರು ನೂಕಿಕೊಂಡು ಮುಂದಿನ ಬಾವಿಗೆ ಓಡಬೇಕು. ಜಾರಿ ಬಿದ್ದೆ. ನಿಮಗೆ ಗೊತ್ತಿರುವ ನನ್ನ ಸೊಂಟ, ಇದ್ದಲ್ಲಿಯೇ ಹಿಡಿದುಕೊಂಡಿತು. ಗೊತ್ತಿರುವ ಎಂದು ಬರೆದೆ, ತಪ್ಪು. ನೀವು ಯಾವತ್ತು ಕೇಳಿದ್ದಿರಿ?

ನಾವು ಇಳಿದಿದ್ದ ಛತ್ರದ ಹಿತ್ತಿಲಲ್ಲಿ ಬಾಣಂತಿಯರಿಗೆ ಎಣ್ಣೆ ಹಚ್ಚುವ ಮುದುಕಿಯೊಬ್ಬಳಿದ್ದಳು. ಚಿಗವ್ವ ನನ್ನನ್ನು ಎತ್ತಿಕೊಂಡು ಹೋದಂತೆ ಅಲ್ಲಿಗೆ ಒಯ್ದಳು. ಮುದುಕಿಗೆ ಕನ್ನಡ ಬಾರದು, ನಮಗೆ ತಮಿಳು ಬಾರದು. ಇಬ್ಬರೂ ಹರಕು ಮುರುಕು ತೆಲುಗಿನಲ್ಲಿ ಮಾತಾಡಿದೆವು. ಬೆಚ್ಚಗಿನ ಎಳ್ಳೆಣ್ಣೆ ಸೊಂಟಕ್ಕೆ ಸುರಿದು ತಿಕ್ಕಿದಳು. ಆಮೇಲೆ ನನ್ನ ಪಾದವನ್ನೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ನಾನು ಬೆಚ್ಚಿ ಎಳೆದುಕೊಂಡೆ. ಹುಟ್ಟಿದಾಗಿನಿಂದ ನನ್ನ ಪಾದವನ್ನು ಹಾಗೆ ಹಿಡಿದವರಿಲ್ಲ. ಅವಳು ನಕ್ಕು ಮತ್ತೆ ಎಳೆದುಕೊಂಡು ಬೆರಳು ಬೆರಳನ್ನೂ ಒತ್ತಿದಳು. ಓಣಿಯ ಗದ್ದಲವೆಲ್ಲ ಗೋಡೆಯಾಚೆ ಉಳಿಯಿತು. ನನಗೆ ಅಳು ಬರುತ್ತದೆಂದುಕೊಂಡೆ, ಬರಲಿಲ್ಲ. ಸಿಟ್ಟು ಬಂತು. ಇಷ್ಟು ಹಿತವಾಗಿರುವುದನ್ನು ಮದುವೆಯಾದಾಗಿನಿಂದ ಪ್ರತಿ ರಾತ್ರಿ ನಿಮಗೆ ಕೊಟ್ಟಿದ್ದೆನಲ್ಲ, ನೀವು ಒಮ್ಮೆಯೂ ಸಾಕು ಅನ್ನಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ನಾನು ತೂಕಡಿಸಿದರೆ ಹಿಮ್ಮಡಿಯಿಂದ ಮೆಲ್ಲಗೆ ತಿವಿದು ಎಬ್ಬಿಸುತ್ತಿದ್ದಿರಿ. ಬೀಗರು ಬಂದಾಗ ಎಲ್ಲರೆದುರು ಹೇಳುತ್ತಿದ್ದಿರಿ: “ಇಕಿಗೆ ನನ್ನ ಕಾಲು ಒತ್ತೋದಂದ್ರ ಭಾಳ ಪ್ರೀತಿ. ಒತ್ತದಿದ್ರ ನಿದ್ದೀನ ಬರಂಗಿಲ್ಲ.” ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಇನ್ನೇನು ಮಾಡಲಿ.

ಆಮೇಲಿನ ದಿನಗಳಲ್ಲಿ ಚಿಗವ್ವ ಗುಡಿಗೆ, ನಾನು ಹಿತ್ತಿಲಿಗೆ. ಬೆಳಿಗ್ಗೆ ಜನ ಏಳುವ ಮುಂಚೆ ಸಮುದ್ರಕ್ಕೆ ಹೋಗಿ ಕುತ್ತಿಗೆವರೆಗೆ ನೀರಿನಲ್ಲಿ ಕುಳಿತಿರುತ್ತಿದ್ದೆ. ಅಲ್ಲಿ ಅಲೆಯೇ ಇಲ್ಲ, ನಮ್ಮೂರ ಕೆರೆಯ ಹಾಗೆ ಸುಮ್ಮನಿರುತ್ತದೆ. ಯಾರೂ ನೀರು ಕೇಳಲಿಲ್ಲ, ಟವೆಲ್ಲು ಕೇಳಲಿಲ್ಲ. ಆ ನೀರಲ್ಲಿ ಕುಳಿತು ನಿಮ್ಮ ಬದನೆಕಾಯಿಯ ನೆನಪು ಮಾಡಿಕೊಂಡೆ. ದೊಡ್ಡ ಕ್ಷೇತ್ರಕ್ಕೆ ಹೋದವರು ಏನಾದರೊಂದನ್ನು ಬಿಟ್ಟು ಬರಬೇಕೆಂದು ನೀವು ಮೊದಲ ಸಲ ಹೋದಾಗ ಬದನೆಕಾಯಿ ಬಿಟ್ಟು ಬಂದಿರಿ. ತಿಂದರೆ ಮೈ ತುರಿಸುತ್ತಿದ್ದದ್ದು ನಿಮಗೆ, ಎಣ್ಣೆಗಾಯಿ ಅಂದರೆ ಜೀವ ಬಿಡುತ್ತಿದ್ದವಳು ನಾನು. ಮನೆಗೇ ತರಬೇಡ ಅಂದಿರಿ. ನಿಮಗಾಗದ್ದನ್ನು ನಾನೇಕೆ ಬಿಡಬೇಕೆಂದು ಕೇಳಿದ್ದಕ್ಕೆ ನಿಮ್ಮ ಉತ್ತರ ಸಿದ್ಧವಿತ್ತು: “ಬಿಡೋದಾದ್ರ ಪ್ರೀತಿ ಇದ್ದದ್ದನ್ನ ಬಿಡಬೇಕು. ಬಿಟ್ಟದ್ದು ಮತ್ತ ಮುಟ್ಟಿದ್ರ ಮನಿತನಕ್ಕ ಒಳ್ಳೇದಲ್ಲ.” ಅಂದಿನಿಂದ ನಮ್ಮ ಒಲೆಯ ಮೇಲೆ ಬದನೆಕಾಯಿ ಏರಿಲ್ಲ.

ನಿನ್ನೆ ಬಳ್ಳಾರಿಯಲ್ಲಿ ಇಳಿದಾಗಲೇ ಕೌಲ್ ಬಜಾರಿನಲ್ಲಿ ಎಳೆಯ ಬದನೆಕಾಯಿ ಕೊಂಡುಕೊಂಡು ಬಂದೆ. ಚಿಗವ್ವ ಎಣ್ಣೆಗಾಯಿ ಮಾಡಿದಳು. ಖಡಕ್ ರೊಟ್ಟಿಯ ಜೊತೆ ಹೊಟ್ಟೆ ಬಿರಿಯೆ ತಿಂದೆ. ಸೋಮವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಹೊನ್ನೂರಮ್ಮನಿಗೆ ನನ್ನ ಆಶೀರ್ವಾದ, ಅವಳಿಗೆ ಶಂಖದ ಬಳೆ ತಂದಿದ್ದೇನೆಂದು ಹೇಳಿ. ಚಿಗವ್ವ ಅಳಿಯಂದಿರನ್ನು ಕೇಳಿದೆನೆಂದು ಬರೆ ಅನ್ನುತ್ತಿದ್ದಾಳೆ, ಬರೆದೆ. ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮ
ದಾಕ್ಷಾಯಣಿ

ತಾ.ಕ.: ಟಪಾಲಿನವನು ಬರುವ ಹೊತ್ತಾಯಿತು, ಮುಖ್ಯವಾದದ್ದೇ ಉಳಿದುಹೋಯಿತು. ಹೊರಡುವ ದಿನ ನಾನೂ ಸಮುದ್ರದಲ್ಲಿ ನಿಂತು, ಬೊಗಸೆ ನೀರು ಹಿಡಿದು ಒಂದನ್ನು ಬಿಟ್ಟು ಬಂದೆ. ಚಿಗವ್ವ ಹಾಗಲಕಾಯಿ ಬಿಟ್ಟಳು. ಆಕೆ ಅದನ್ನು ಮೊದಲೂ ತಿನ್ನುತ್ತಿರಲಿಲ್ಲ. ನಾನು ಹಾಗೆ ಮೋಸ ಮಾಡಲಿಲ್ಲ. ನೀವು ಹೇಳಿದಂತೆ ಪ್ರೀತಿ ಇದ್ದದ್ದನ್ನೇ ಬಿಟ್ಟೆ. ನನಗೆ ಯಾವುದು ಭಾಳ ಪ್ರೀತಿ ಎಂದು ಬೀಗರೆದುರು ನೀವೇ ಹೇಳಿದ್ದೀರಿ, ಸುಳ್ಳಾಡುವವರಲ್ಲ. ನಿಮ್ಮ ಕಾಲು ಒತ್ತುವುದನ್ನು ಬಿಟ್ಟೆ. ಇನ್ನು ಮುಟ್ಟಿದರೆ ಮನೆತನಕ್ಕೆ ಒಳ್ಳೆಯದಲ್ಲ. ಈ ಪುಣ್ಯದಲ್ಲಿ ಅರ್ಧ ನಿಮಗೂ ಬರುತ್ತದೆ. ಮುದುಕಿಯ ಹತ್ತಿರ ಎಳ್ಳೆಣ್ಣೆಯ ಸೀಸೆಯೊಂದನ್ನು ಕೊಂಡು ತಂದಿದ್ದೇನೆ, ನನ್ನ ಕಾಲಿಗೆ. ನೀವು ಎರಡು ಸಲ ಹೋದರೂ ಹೆಂಡತಿಯ ಕಾಲು ಒತ್ತುವುದನ್ನು ರಾಮೇಶ್ವರದಲ್ಲಿ ಬಿಟ್ಟು ಬಂದಿಲ್ಲ.