ಬಿಸಿಲಿನಲ್ಲಿ ನಡೆದ ಯುದ್ಧ

ಅಣ್ಣಾ,

ಅಕ್ಷರ ಸೊಟ್ಟಗಿದೆ, ಕಾಗುಣಿತವೂ ತಪ್ಪಿರಬಹುದು. ಶಾಲೆ ಬಿಟ್ಟ ಮೇಲೆ ನೀನು ಕಲಿಸಿದ್ದಷ್ಟೇ ನನಗೆ ಬರುವುದು, ಬೈಯಬೇಡ.

ಎಲ್ಲರ ಬಾಯಲ್ಲೂ ಇರುವ ನಿಮ್ಮ ಆ ಯುದ್ಧದ ಮೇಲೆ ಸಿನಿಮಾ ಬಂದಿದೆ. ನಿನ್ನೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ನಿನ್ನ ಸೇನಾದಳದಲ್ಲಿ ಅಡುಗೆ ಮಾಡುತ್ತಿದ್ದವರೊಬ್ಬರೂ ನಮ್ಮ ಜೊತೆ ಬಂದಿದ್ದರು. ಕತ್ತಲಲ್ಲಿ ಅವರ ಗೊಣಗಾಟ ನಿಲ್ಲಲೇ ಇಲ್ಲ.

"ಒಣಗಿದ ಸೌದೆ ಒಂದೂ ಇರ್ಲಿಲ್ಲ, ಇವರು ಬೆಂಕಿ ಸುತ್ತ ಕುಣೀತಿದಾರೆ! ಬೂಟು ನೋಡಮ್ಮ, ಮದುವೆಗೆ ಹೊರಟ ಹಾಗಿದೆ!"

ಹಿಂದಿನ ಸಾಲಿನವರು ಶ್ ಎಂದರು. ನನಗೆ ನಗು ಬಂತು.

ಆಮೇಲೆ ಕೊನೆಯ ಬೆಳಿಗ್ಗೆ ಬಂತು. ತೆರೆಯ ತುಂಬ ಹೊಂಬಿಸಿಲು. ಹುಲ್ಲಿನ ನಡುವೆ ಹುಡುಗರು ತೇಲಿದಂತೆ ನಿಧಾನವಾಗಿ ಓಡುತ್ತಿದ್ದರು. ಒಬ್ಬ ಬಿದ್ದ, ಇನ್ನೊಬ್ಬ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ನಿಜದಲ್ಲಿ ಆ ದಿನ ಕವಿದ ಮಂಜಿನಲ್ಲಿ ತನ್ನ ಕೈ ತನಗೇ ಕಾಣುತ್ತಿರಲಿಲ್ಲ, ನೀನು ಬಿದ್ದದ್ದನ್ನು ಯಾರೂ ನೋಡಲಿಲ್ಲ ಎಂದು ಅಡುಗೆಯವರು ಹಿಂದೆಯೇ ನನಗೊಬ್ಬಳಿಗೆ ಹೇಳಿದ್ದರು.

ಹೊರಗೆ ಬಂದ ಮೇಲೆ ಅಮ್ಮ ಅವರ ತೋಳು ಹಿಡಿದಳು. "ಏನಪ್ಪಾ, ಅವತ್ತು ಹಾಗೇ ಬಿಸಿಲಿತ್ತಾ? ನನ್ನ ಮಗನ ಹತ್ರ ಯಾರಾದ್ರೂ ಇದ್ರಾ?"

ಅಷ್ಟು ಹೊತ್ತೂ ತಪ್ಪು ಹುಡುಕುತ್ತಿದ್ದ ಮನುಷ್ಯ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ.

"ಇತ್ತಮ್ಮಾ, ಒಳ್ಳೇ ಬಿಸಿಲು. ಪಕ್ಕದಲ್ಲಿ ನಾನೇ ಇದ್ದೆ," ಎಂದರು. "ಅದೊಂದನ್ನ ಸರಿಯಾಗಿ ತೋರಿಸಿದಾರೆ."

ಅಮ್ಮ ರಾತ್ರಿ ಒಮ್ಮೆಯೂ ಎದ್ದು ಕೂರದೆ ನಿದ್ದೆ ಮಾಡಿದಳು.

ಇವತ್ತು ಬೆಳಿಗ್ಗೆ ಬೀದಿಯ ತುಂಬ ಮಂಜು. ಎದುರುಮನೆಯೇ ಕಾಣುತ್ತಿರಲಿಲ್ಲ. ಅಮ್ಮ ಏಳುವ ಮೊದಲೇ ಸದ್ದಾಗದಂತೆ ಕಿಟಕಿಯ ಪರದೆ ಎಳೆದುಬಿಟ್ಟೆ.