ಎಡಗೈಯ ಕಾಗದಗಳು

ಜೂನ್ 9, ಸೋಮವಾರ, ಮಧ್ಯಾಹ್ನ 3

ಹದಿನಾಲ್ಕನೆಯದು ಮುಗಿಯಿತು. ಇನ್ನೂ ಹದಿನೆಂಟು ಬಾಕಿ. ಎಡಗೈ ಮಣಿಕಟ್ಟು ಬಿದ್ದೇ ಹೋಗುತ್ತದೇನೋ. 'ಪ್ರೀತಿಯ ಅಂಕಲ್, ನೀವು ಕೊಟ್ಟ ಬ್ಯಾಗು ತುಂಬಾ ಚೆನ್ನಾಗಿದೆ...' ಬಲಗೈಯಲ್ಲಿ ಬರೆದರೆ ದೊಡ್ಡವರ ಅಕ್ಷರ ಎಂದು ಗೊತ್ತಾಗುತ್ತದಂತೆ. ಮೇಡಂ ಐಡಿಯಾ.

ಸಂಗತಿ ಇಷ್ಟೆ. ನಮ್ಮ ಡಬ್ಬಿ ಫ್ಯಾಕ್ಟರಿಯವರು ಸಂಬಳದಲ್ಲಿ ಇಷ್ಟಿಷ್ಟು ಎಂದು ಕೊಟ್ಟು ಬಡಮಕ್ಕಳ ಶಾಲೆಯೊಂದಕ್ಕೆ ನೆರವಾಗುತ್ತಾರೆ. ಕೊಟ್ಟವರಿಗೆ ವರ್ಷಕ್ಕೊಮ್ಮೆ ಒಂದು ಮಗುವಿನ ಕಾಗದ. ಅದನ್ನು ಓದಿ, ಕರಗಿ, ಮುಂದಿನ ವರ್ಷದ ಫಾರಂಗೆ ಸಹಿ. ಶಾಲೆಯಿಂದ ಕಾಗದಗಳೇನೋ ಬಂದಿದ್ದವು. ಎಚ್.ಆರ್. ಮೇಡಂ ಓದಿದರು, ಬೀರುವಿಗೆ ಹಾಕಿ ಬೀಗ ಜಡಿದರು.

"ಇವನ್ನ ಹಂಚಿದ್ರೆ ಒಬ್ರೂ ಸಹಿ ಹಾಕಲ್ಲ ಕಣಮ್ಮಾ. ಬರೀ ದೂರು. ಮಕ್ಕಳ ಹೆಸರಿನ ಪಟ್ಟಿ ಕೊಡ್ತೀನಿ, ನೀನೇ ಚೆನ್ನಾಗಿ ಬರೆದ್ಬಿಡು."

ಆಗಲ್ಲ ಎನ್ನಲು ಬಾಯಿ ಬರಲಿಲ್ಲ. ಜನವರಿಯಲ್ಲಿ ಡಿಸ್ಪ್ಯಾಚ್‌ಗೆ ಸೇರಿದವಳು. ಪ್ರೊಬೇಷನ್ ಈ ತಿಂಗಳಿಗೆ ಮುಗಿಯುತ್ತದೆ. ಕಾಯಂ ಮಾಡುವ ಫೈಲು ಅವರ ಮೇಜಿನ ಮೇಲೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

ಜೂನ್ 11, ಬುಧವಾರ, ಸಂಜೆ

ಹಂಚಿದ್ದಾಯಿತು. ಊಟದ ಕೋಣೆಯಲ್ಲಿ ಎಲ್ಲರೂ ಓದಿದ್ದೇ ಓದಿದ್ದು. ನಾನು ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ.

ಸ್ಟೋರ್‌ಕೀಪರ್ ಇದ್ದಾರಲ್ಲ—ಎಲ್ಲರ ಬಾಯಲ್ಲೂ 'ಬೀಗಮುದ್ರೆ'. ಒಂದು ಸುರುಳಿ ಟೇಪಿಗೂ ಮೂರು ಸಹಿ ಕೇಳುವ ಆಸಾಮಿ. ಅವರ ಪಾಲಿಗೆ ಐದನೇ ಕ್ಲಾಸಿನ ಹುಡುಗಿಯ ಹೆಸರಿನ ಕಾಗದ ಬಂದಿತ್ತು. 'ನನಗೆ ಲೆಕ್ಕ ಅಂದರೆ ಇಷ್ಟ, ನಿಮಗೂ ಇಷ್ಟವಾ?' ಎಂದು ಬರೆದಿದ್ದೆ. ಏನೋ ಒಂದು ಗೀಚಬೇಕಿತ್ತು, ಗೀಚಿದೆ. ಸಂಜೆ ಟೇಪಿಗೆಂದು ಹೋದರೆ... ದೇವರೇ! ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ರ‍್ಯಾಕಿನ ಮೇಲೆ ಅಂಟಿಸಿದ್ದಾರೆ. ಟೇಪನ್ನು ಒಂದೇ ಸಹಿಗೆ ಕೊಟ್ಟರು.

"ಎಷ್ಟು ಚೂಟಿ ಮಗು ನೋಡಮ್ಮಾ! ಲೆಕ್ಕ ಇಷ್ಟ ಅಂತೆ."

ಟೇಪು ತೆಗೆದುಕೊಂಡು ಓಡಿಬಂದೆ.

ಜೂನ್ 12

ಬರೆಯಲು ಮನಸ್ಸಿಲ್ಲ.

ಜೂನ್ 16, ಸೋಮವಾರ

ಕುತ್ತಿಗೆಗೇ ಬಂತು. ಬೀಗಮುದ್ರೆ ಉತ್ತರ ಬರೆದಿದ್ದಾರೆ. ಮೂರು ಪುಟ! ಭಿನ್ನರಾಶಿ ಕೂಡುವುದು ಹೇಗೆ ಎಂದು ರೊಟ್ಟಿಯ ಚಿತ್ರ ಬಿಡಿಸಿ, ತುಂಡು ಮಾಡಿ ತೋರಿಸಿದ್ದಾರೆ. ಹೊರಗೆ ಹೋಗುವ ಅಂಚೆಯೆಲ್ಲ ನನ್ನ ಕೈಯಲ್ಲೇ ಹಾದು ಹೋಗಬೇಕು. ಕಳಿಸಿದರೆ, ಈ ಕಾಗದ ನಾನು ಬರೆದೇ ಇಲ್ಲವಲ್ಲ ಎಂದು ಆ ಮಗು ಹೇಳುತ್ತದೆ. ಡ್ರಾಯರಿಗೆ ತುರುಕಿದೆ.

ಅಮ್ಮನ ಹತ್ತಿರ ಬಾಯಿಬಿಟ್ಟೆ. "ಸುಳ್ಳು ಹೇಳಿದೋಳು ನೀನು, ಊಟ ಬಿಟ್ಟೋಳೂ ನೀನೇ. ಎರಡೂ ಯಾಕೆ? ಮೊದ್ಲು ಉಣ್ಣು" ಎಂದಳು. ಉಂಡೆ. ಸೇರಲಿಲ್ಲ.

ಜೂನ್ 19, ಗುರುವಾರ, ಬೆಳಿಗ್ಗೆ 11

ಮೇಡಂ ಮೀಟಿಂಗಿಗೆ ಹೋಗಿದ್ದಾರೆ. ಫಾರಂ ತೆಗೆದಿಡು ಎಂದು ಬೀರುವಿನ ಕೀಲಿ ಕೊಟ್ಟು ಹೋಗಿದ್ದರು. ಮಕ್ಕಳ ಕಾಗದಗಳ ಕಟ್ಟು ಅಲ್ಲೇ ಇತ್ತು. ಮುಟ್ಟಬಾರದು ಎಂದುಕೊಂಡೇ ಬಿಚ್ಚಿದೆ. ಐದನೇ ಕ್ಲಾಸಿನ ಹುಡುಗಿ ನಿಜವಾಗಿ ಬರೆದದ್ದು ಇದು:

'ನಮಸ್ಕಾರ. ಹೋದ ವರ್ಷ ಬ್ಯಾಗ್ ಕೊಟ್ಟಿರಿ. ಅದರ ಹಿಂದಿನ ಎರಡು ವರ್ಷವೂ ಬ್ಯಾಗ್. ನನ್ನ ಹತ್ತಿರ ಮೂರು ಬ್ಯಾಗ್ ಇವೆ. ಲೆಕ್ಕದ ಟೀಚರ್ ಬಿಟ್ಟುಹೋಗಿ ಏಳು ತಿಂಗಳಾಯಿತು. ಆ ಪೀರಿಯಡ್ ನಾವು ಕೈಕಟ್ಟಿ ಕೂರುತ್ತೇವೆ. ಈ ಸಲ ಬ್ಯಾಗ್ ಬೇಡ. ಯಾರಾದರೂ ಬನ್ನಿ.'

ಈ ಸಲವೂ ಬ್ಯಾಗೇ. ಕಂಪನಿ ಹೆಸರು ಅಚ್ಚಾಗಿ ಬಂದು ಕೆಳಗೆ ಬಿದ್ದಿವೆ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಕಾಗದವನ್ನು ಮಡಚಿ... ಇಟ್ಟುಕೊಂಡುಬಿಟ್ಟೆ. ಕಳ್ಳತನವೇ. ಆಗಲಿ.

ಜೂನ್ 20

ಬೀಗಮುದ್ರೆ: "ಉತ್ರ ಬಂತೇನಮ್ಮಾ?" ಅಂಚೆ ನಿಧಾನ ಸರ್ ಎಂದೆ. ಅಂಚೆಯ ಮೇಲೂ ಅಪವಾದ ಹೊರಿಸಿದ್ದಾಯಿತು.

ಸಂಜೆ ಮೇಡಂ ಕರೆದರು. ಕಾಯಂ ಆರ್ಡರ್ ರೆಡಿ, ಇಪ್ಪತ್ತೇಳಕ್ಕೆ ಬ್ಯಾಗ್ ಕಳಿಸಿ ಫಾರಂಗೆ ಸಹಿ ಹಾಕಿಸುವ ಸಮಾರಂಭ ಮುಗಿದ ಮೇಲೆ ಕೈಗೆ ಕೊಡುತ್ತಾರಂತೆ. "ಮುಂದಿನ ವರ್ಷಕ್ಕೂ ನೀನೇ" ಎಂದು ನಕ್ಕರು. ನಾನೂ ನಕ್ಕೆ. ಥೂ.

ಜೂನ್ 26, ಗುರುವಾರ, ಸಂಜೆ 6

ತಡೆಯಲಾಗಲಿಲ್ಲ. ಸ್ಟೋರಿಗೆ ಹೋಗಿ, ನಿಂತ ಕಾಲಲ್ಲೇ ಎಲ್ಲ ಒದರಿದೆ. ಮೂರು ಪುಟದ ಉತ್ತರವನ್ನೂ ವಾಪಸು ಮೇಜಿನ ಮೇಲಿಟ್ಟೆ.

ರ‍್ಯಾಕಿಗೆ ಅಂಟಿಸಿದ್ದ ಕಾಗದವನ್ನು ನೋಡಿದರು. "ಇದು ನೀನಾ?"

"ಹೂಂ."

"ಮೂವತ್ತು ವರ್ಷ ಆಯ್ತಮ್ಮಾ ಇಲ್ಲಿ. ಸ್ಲಿಪ್ ಬಿಟ್ಟು ಬೇರೆ ಏನನ್ನೂ ಯಾರೂ ನಂಗೆ ಬರೆದಿರ್ಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ನಿಜವಾದ ಕಾಗದ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಮುಖ ಕೆಂಪಾಯಿತು.

"ಏಳು ತಿಂಗಳು! ಆ ಮಗು ಕೈಕಟ್ಟಿ ಕೂತಿದೆ, ನಾವಿಲ್ಲಿ ಬ್ಯಾಗ್ ಜೋಡಿಸ್ತಿದೀವಿ! ಹೋಗು ನೀನು ಇಲ್ಲಿಂದ."

ಬಂದೆ. ಏನು ಮಾಡುತ್ತಾರೋ ಗೊತ್ತಿಲ್ಲ. ಕೂರಲೂ ಆಗುತ್ತಿಲ್ಲ, ನಿಲ್ಲಲೂ ಆಗುತ್ತಿಲ್ಲ.

ಜೂನ್ 27, ಶುಕ್ರವಾರ, ಸಂಜೆ 4.10

ನನ್ನ ಮೇಜಿನಲ್ಲಿ. ಈಗಲೇ ಬರೆದುಬಿಡಬೇಕು.

ಹಾಲ್ ತುಂಬಿತ್ತು. ವೇದಿಕೆಯ ಪಕ್ಕ ಬ್ಯಾಗುಗಳ ಗುಡ್ಡೆ. ಲ್ಯಾಮಿನೇಷನ್ ಸುದ್ದಿ ಮೇಡಂ ಕಿವಿಗೂ ಬಿದ್ದಿತ್ತಲ್ಲ, ಬೀಗಮುದ್ರೆಯನ್ನೇ ಕರೆದರು. "ನಿಮ್ಮ ಮಗು ಬರೆದಿದ್ದನ್ನ ಓದಿ ಸರ್, ಎಲ್ರೂ ಕೇಳ್ಲಿ." ಅವರು ಹೋಗಿ ಜೇಬಿನಿಂದ ತೆಗೆದು ಓದಿದರು. ನಿಜವಾದದ್ದನ್ನು. ಸ್ಟಾಕ್ ಪಟ್ಟಿ ಓದುವ ದನಿಯಲ್ಲೇ. 'ಯಾರಾದರೂ ಬನ್ನಿ' ಎಂಬುದನ್ನು ಮಾತ್ರ ಎರಡು ಸಲ ಓದಿದರು.

ಮೇಡಂ ಮುಖದಲ್ಲಿ ರಕ್ತವಿಲ್ಲ. "ಇದು... ಇದು ನಿಮಗೆಲ್ಲಿ ಸಿಕ್ತು?"

"ಅಂಚೇಲಿ ಬಂತು" ಎಂದರು. ನನ್ನತ್ತ ನೋಡಲೂ ಇಲ್ಲ. ನಿನ್ನೆ ಹೋಗು ಎಂದವರು ಇವತ್ತು ನನ್ನನ್ನು ಕಾಯುತ್ತಿದ್ದಾರೆ! ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆರ್ಡರ್ ಮೇಡಂ ಕೈಯಲ್ಲಿದ್ದ ಕವರಿನಲ್ಲೇ ಇತ್ತು.

ಪ್ಯಾಕಿಂಗ್ ವಿಭಾಗದ ಅಕ್ಕ ಎದ್ದು ನಿಂತಳು. "ಹಂಗಾದ್ರೆ ನಂಗೆ ಕೊಟ್ಟಿದ್ದು? ನನ್ ಪಾಲಿನ ಹುಡುಗ ನಿಜವಾಗ್ಲೂ ಏನ್ ಬರೆದಿದ್ದ?"

ನಾನೂ ಎದ್ದು ನಿಂತೆ. "ಅಕ್ಕಾ, ನಿಮಗೆ ಬಂದಿದ್ದನ್ನ ಬರೆದೋಳು ನಾನು. ಎಲ್ಲರದ್ದೂ ನಾನೇ. ಮಕ್ಕಳು ಬರೆದಿದ್ದು ಮೇಡಂ ಬೀರುವಿನಲ್ಲಿದೆ." ಮೇಡಂ ಕೀಲಿ ಕೊಡಲಿಲ್ಲ. ಎಲ್ಲರೂ ಅವರನ್ನೇ ನೋಡುತ್ತ ಕುಳಿತರು. ಕೊನೆಗೆ ಕೊಟ್ಟರು.

ಈಗ ಹೊರಗೆ ಓದುತ್ತಿದ್ದಾರೆ. ಚಹಾ ಆರಿಹೋಗಿದೆ, ಯಾರಿಗೂ ಅದರ ಕಡೆ ಗಮನವಿಲ್ಲ. ಬೀಗಮುದ್ರೆ ರಜೆ ಚೀಟಿ ಬರೆದು ಸೂಪರ್‌ವೈಸರ್ ಮುಂದೆ ಇಟ್ಟರಂತೆ. ಪ್ರತಿ ಶನಿವಾರ ಅರ್ಧ ದಿನ. ಕಾರಣ: ಲೆಕ್ಕದ ಪಾಠ.

ಪ್ಯಾಕಿಂಗ್ ಅಕ್ಕ ಈಗಷ್ಟೇ ಇಲ್ಲಿಗೆ ಬಂದು ಹೋದಳು. ಕೈಯಲ್ಲಿ ಕಾಗದ, ಕಣ್ಣಲ್ಲಿ ನೀರು. ಅವಳ ಪಾಲಿನ ಹುಡುಗನಿಗೆ ಬೋರ್ಡು ಕಾಣುವುದಿಲ್ಲವಂತೆ, ಕನ್ನಡಕ ಬೇಕಂತೆ. "ಹೋದ ವರ್ಷವೂ ಕೇಳಿದ್ದೆ ಅಂತ ಬರೆದಿದಾನಲ್ಲೇ! ನಂಗೆ ಹೋದ ವರ್ಷ ಬಂದಿದ್ರಲ್ಲಿ ಬರೀ ಥ್ಯಾಂಕ್ಸ್ ಇತ್ತು. ಅದನ್ನ ಯಾರು ಬರೆದಿದ್ದು?"

ನಾನು ಹೋದ ವರ್ಷ ಇಲ್ಲಿ ಇರಲೇ ಇಲ್ಲ.

ಮೇಡಂ ಕರೆಯುತ್ತಿದ್ದಾರೆ. ಎರಡನೇ ಸಲ. ಕೆಲಸ ಹೋಯಿತು ಎಂದೇ ಇಟ್ಟುಕೊಳ್ಳೋಣ. ಹೋದ ಕೂಡಲೇ, ಅವರು ಬಾಯಿ ತೆರೆಯುವ ಮೊದಲೇ ಕೇಳಿಬಿಡಬೇಕು. ಹೋದ ವರ್ಷದ ಕಾಗದಗಳು ಎಲ್ಲಿ, ಅದರ ಹಿಂದಿನ ವರ್ಷದವು ಎಲ್ಲಿ ಎಂದು.